ಮಗು ಓದಿದ್ದೇ ಅಕ್ಷರ

ಓಲೆಗರಿ, ಹಳೆ ಕಾಗದ ದುರಸ್ತಿ ಮಾಡುವುದು ನನ್ನ ಕೆಲಸ. ಅಟ್ಟದಲ್ಲಿ ಸಿಕ್ಕ ಗರಿಕಟ್ಟು ತರುವವರು ಮೊದಲು ಕೇಳುವುದು ಒಂದೇ: "ಇದನ್ನ ಹೊಳೆಗೆ ಬಿಡೋದಾ, ಇಟ್ಕೊಳ್ಳೋದಾ?" ಯೆಹೂದಿಗಳು ಈ ಪ್ರಶ್ನೆಗೆ ಎಂದೋ ಉತ್ತರ ಕಂಡುಕೊಂಡಿದ್ದಾರೆ. ಅದಕ್ಕೂ ಮುಂಚೆ ಅವರು ಬರೆಯುವ ಬಗೆ ನೋಡಿ.

ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಓದುವ ಧರ್ಮಗ್ರಂಥ ತೋರಾ ಅಚ್ಚಾದ ಪುಸ್ತಕವಲ್ಲ, ಚರ್ಮದ ಸುರುಳಿ. ಮೋಶೆಯ ಐದು ಪುಸ್ತಕಗಳು ಅದರಲ್ಲಿವೆ. ಸೋಫರ್ ಎಂಬ ಲಿಪಿಕಾರ ಹಕ್ಕಿಯ ಪುಕ್ಕದ ಲೇಖನಿಯಲ್ಲಿ 3,04,805 ಅಕ್ಷರ ಬರೆಯಬೇಕು. ಹೆಚ್ಚುಕಡಿಮೆ ಒಂದು ವರ್ಷದ ಕೆಲಸ. ಬಾಯಿಪಾಠ ಇದ್ದರೂ ನೆನಪಿನಿಂದ ಬರೆಯುವಂತಿಲ್ಲ. ಎದುರಿಗೆ ಮೂಲ ಇಟ್ಟುಕೊಂಡು, ಒಂದೊಂದು ಪದವನ್ನೂ ಬಾಯಲ್ಲಿ ಹೇಳಿಕೊಂಡೇ ಬರೆಯಬೇಕು. ಬೇರೆ ತಪ್ಪಾದರೆ ಶಾಯಿ ಕೆರೆದು ತಿದ್ದಬಹುದು, ದೇವರ ಹೆಸರನ್ನು ಮಾತ್ರ ಕೆರೆಯುವಂತಿಲ್ಲ. ನಮ್ಮ ಪ್ರತಿಕಾರರು ಕೊನೆಯಲ್ಲಿ "ತಪ್ಪಿದ್ದರೆ ತಿದ್ದಿ ಓದುವುದು" ಅಂತ ಬರೆದು ಕೈಮುಗಿದುಬಿಡುತ್ತಿದ್ದರು. ಅಲ್ಲಿ ಒಂದಕ್ಷರ ಬಿಟ್ಟುಹೋದರೂ ಸರಿಪಡಿಸುವ ತನಕ ಆ ಸುರುಳಿ ಓದಿಗೆ ಬರುವುದಿಲ್ಲ.

ಅಕ್ಷರದ ಮೇಲೆ ಅನುಮಾನ ಬಂದರೆ? ಹೀಬ್ರೂನಲ್ಲಿ ವಾವ್, ಯೋದ್ ಅಂತ ಎರಡಕ್ಷರ ಇವೆ. ಕಾಲು ಉದ್ದ ಇದ್ದರೆ ವಾವ್, ಗಿಡ್ಡ ಇದ್ದರೆ ಯೋದ್. ನಡುವೆ ಸಿಕ್ಕಿಕೊಂಡರೆ ಒಂದು ಮಗುವನ್ನು ಕರೆಯುತ್ತಾರೆ. ಅದಕ್ಕೆ ಅಕ್ಷರ ಗೊತ್ತಿರಬೇಕು, ಅರ್ಥ ಗೊತ್ತಿರಬಾರದು. ಅದು ಏನಂದರೆ ಅದೇ ಸರಿ. ನನಗಂತೂ ಈ ನಿಯಮ ತುಂಬಾ ಇಷ್ಟ. ಮಾಸಿದ ಗರಿ ಓದುವಾಗ, ಪದ್ಯ ಮೊದಲೇ ಗೊತ್ತಿದ್ದರೆ ಕಣ್ಣು ಇಲ್ಲದ ಕೊಂಬನ್ನೂ ಕಂಡುಬಿಡುತ್ತದೆ.

ಶನಿವಾರಕ್ಕೊಂದು ಭಾಗದಂತೆ ಓದುತ್ತಾ ಹೋಗಿ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಮುಗಿಸುತ್ತಾರೆ. ಸಿಮ್ಖಾತ್ ತೋರಾ ಹಬ್ಬದಂದು ಸುರುಳಿ ಎತ್ತಿಕೊಂಡು ಕುಣಿಯುತ್ತಾರೆ, ಅಂದೇ ಮತ್ತೆ ಮೊದಲಿಂದ ಶುರು. ಓದುವಾಗ ಬರಿಗೈಯಲ್ಲಿ ಮುಟ್ಟುವುದಿಲ್ಲ. ತುದಿಯಲ್ಲಿ ಪುಟ್ಟ ಕೈ ಇರುವ ಕಡ್ಡಿಯಿಂದ ಸಾಲು ತೋರಿಸುತ್ತಾರೆ. ಕೈಬೆವರು ಚರ್ಮಕ್ಕೆ ಏನು ಮಾಡುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಸವೆದ ಸುರುಳಿಯನ್ನು ಸುಡುವುದಿಲ್ಲ, ಬಿಸಾಡುವುದಿಲ್ಲ. ಗೆನಿಜಾ ಎಂಬ ಕೋಣೆಯಲ್ಲಿ ಕೂಡಿಟ್ಟು, ಆಮೇಲೆ ಸತ್ತವರನ್ನು ಹೂಳುವಂತೆ ಮಣ್ಣು ಮಾಡುತ್ತಾರೆ. ಹಳೆ ಕೈರೋದ ಬೆನ್ ಎಜ್ರಾ ಸಿನಗಾಗ್‌ನವರು ನೂರಾರು ವರ್ಷ ಕೂಡಿಟ್ಟರು, ಬಹುಪಾಲು ಹೂಳಲೇ ಇಲ್ಲ. ಹೀಬ್ರೂ ಲಿಪಿ ಅನ್ನುವ ಗೌರವಕ್ಕೆ ವ್ಯಾಪಾರದ ಕಾಗದವೂ ಅದೇ ಕೋಣೆ ಸೇರಿತು. 1896ರ ಕೊನೆಗೆ ಕೇಂಬ್ರಿಜ್‌ನಿಂದ ವಿದ್ವಾಂಸ ಸೊಲೊಮನ್ ಶೆಕ್ಟರ್ ಅಲ್ಲಿಗೆ ಹೋದರು. ಅವರು ತಂದದ್ದು ಸುಮಾರು 1,90,000 ತುಂಡು.

ಆ ಕೋಣೆಯ ರಾಶಿಯಲ್ಲಿ ನಮ್ಮ ಮಂಗಳೂರೂ ಇದೆ. ಟ್ಯುನೀಷಿಯಾ ಮೂಲದ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಅಲ್ಲಿ ವರ್ಷಗಟ್ಟಲೆ ಇದ್ದ. ಗುಲಾಮಳಾಗಿದ್ದ ಅಶು ಎಂಬ ಹೆಂಗಸನ್ನು 1132ರಲ್ಲಿ ಬಿಡುಗಡೆ ಮಾಡಿದ ಪತ್ರ ಸಿಕ್ಕಿದೆ, ಅದೂ ಮಂಗಳೂರಿನಲ್ಲೇ ಬರೆದದ್ದು. ಅವನಿಗೆ ಬರೆಯುವ ಹಾಳೆ ಯೆಮನ್‌ನ ಏಡನ್‌ನಿಂದ ಬರಬೇಕಿತ್ತು. ಹಾಗಾಗಿ ಬಂದ ಪತ್ರಗಳ ಹಿಂಬದಿಯಲ್ಲೂ ಲೆಕ್ಕ ಗೀಚುತ್ತಿದ್ದ.

ಮೊನ್ನೆ ಗರಿ ತಂದವರಿಗೆ ಇದನ್ನೆಲ್ಲ ಹೇಳಿದೆ. "ಹಾಗಾದ್ರೆ ಸದ್ಯ ಅಟ್ಟದಲ್ಲೇ ಇರ್ಲಿ ಬಿಡಿ" ಅಂದರು. ಅಟ್ಟದಲ್ಲಿ ಇಲಿ ಇದೆಯಾ ಅಂತ ಕೇಳಿದೆ.