ರಿಮೋಟ್ 22 ಅನ್ನುತ್ತದೆ, ಎಸಿಗೆ ಅದು ಗೊತ್ತೇ ಇಲ್ಲ

ಮಂಗಳೂರಿನ ಅಕ್ಕನ ಮನೆಗೆ ಬೇಸಿಗೆಯಲ್ಲಿ ಹೋದರೆ ರಾತ್ರಿ ಮಲಗುವ ಹೊತ್ತಿಗೆ ಒಂದು ಜಗಳ ಖಾಯಂ. ಭಾವ ರಿಮೋಟ್ ಎತ್ತಿ ಹಿಡಿದು ‘ನೋಡು, 22 ಅಂತಿದೆ’ ಅನ್ನುತ್ತಾರೆ. ಅಕ್ಕ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ ‘ಹಾಗಾದ್ರೆ ಈ ಸೆಕೆ ಎಲ್ಲಿಂದ ಬಂತು?’ ಅನ್ನುತ್ತಾಳೆ. ಇಬ್ಬರ ಮಾತೂ ನಿಜವೇ.

ಟಿವಿ ರಿಮೋಟಿನದು ತುಂಡು ಮಾತು. ‘ಸದ್ದು ಸ್ವಲ್ಪ ಏರಿಸು’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಎಷ್ಟಿತ್ತು, ಎಷ್ಟಾಯಿತು ಎಂಬ ಲೆಕ್ಕ ಟಿವಿಯ ಬಳಿ. ಬಹುತೇಕ ಎಸಿಗಳಲ್ಲಿ ಲೆಕ್ಕ ಇರುವುದು ರಿಮೋಟಿನ ಒಳಗೆ. 24ರಿಂದ 23ಕ್ಕೆ ಇಳಿಸಿದಿರಿ ಅನ್ನಿ. ಅದು ‘ಒಂದು ಇಳಿಸು’ ಅನ್ನುವುದಿಲ್ಲ. ‘ಆನ್ ಆಗಿರು, ಕೂಲ್ ಮೋಡ್, 23 ಡಿಗ್ರಿ, ಫ್ಯಾನ್ ಮಧ್ಯಮ, ಸ್ವಿಂಗ್ ಇರಲಿ, ಟೈಮರ್ ಬೇಡ’ ಎಂದು ಪ್ರತಿ ಸಲವೂ ಇಡೀ ಜಾತಕ ಓದುತ್ತದೆ. ಸಾಮಾನ್ಯವಾಗಿ ಕೊನೆಯಲ್ಲಿ, ಹೇಳಿದ್ದು ಸರಿಯಾಗಿ ತಲುಪಿತೇ ಎಂದು ನೋಡಲು, ಒಂದು ತಾಳೆ ಅಂಕೆಯೂ ಇರುತ್ತದೆ. ಅದು ಹೊಂದದಿದ್ದರೆ ಎಸಿ ಅಷ್ಟನ್ನೂ ಕಸಕ್ಕೆ ಹಾಕುತ್ತದೆ.

ಆದರೆ ಎಸಿಯಿಂದ ರಿಮೋಟಿಗೆ ಉತ್ತರ ಬರುವ ದಾರಿ ಇಲ್ಲ. ‘ಟಿಂಯ್’ ಅನ್ನುವುದು ನಮ್ಮ ಕಿವಿಗೆ, ರಿಮೋಟಿಗಲ್ಲ. ಭಾವ ಹಾಲ್‌ನಲ್ಲಿ ಕೂತೇ ಗುಂಡಿ ಒತ್ತಿದ್ದರು. ನಡುವೆ ಗೋಡೆ. ಪರದೆಯ ಅಂಕೆ 22ಕ್ಕೆ ಇಳಿಯಿತು, ಎಸಿ ಹಳೆಯ 27ರಲ್ಲೇ ಉಳಿಯಿತು. ಪರಿಹಾರ ಸುಲಭ: ಎಸಿಯತ್ತ ತಿರುಗಿಸಿ ಫ್ಯಾನಿನ ಗುಂಡಿ ಒತ್ತಿದರೂ ಸಾಕು, 22 ಕೂಡ ಅದರ ಜೊತೆಗೇ ಹೋಗುತ್ತದೆ.

ಹೋಗುವುದು ಬೆಳಕಿನ ರೂಪದಲ್ಲಿ. ರಿಮೋಟಿನ ಮೂತಿಯಲ್ಲಿರುವ ಎಲ್‌ಇಡಿ ಸುಮಾರು 940 ನ್ಯಾನೋಮೀಟರ್ ತರಂಗಾಂತರದ ಅವಕೆಂಪು ಕಿರಣ ಸೂಸುತ್ತದೆ. ನಮ್ಮ ಕಣ್ಣಿನ ಶಕ್ತಿ ಏಳುನೂರು ಚಿಲ್ಲರೆಗೇ ಮುಗಿಯುತ್ತದೆ. ಮೊಬೈಲಿನ ಸೆಲ್ಫಿ ಕ್ಯಾಮೆರಾ ಮುಂದೆ ಹಿಡಿದು ಒತ್ತಿ ನೋಡಿ. ಹಲವು ಫೋನುಗಳಲ್ಲಿ ನಸುನೇರಳೆ ಮಿಣುಕು ಕಾಣುತ್ತದೆ. ಕಂಡರೆ ಸೆಲ್ ಇನ್ನೂ ಸತ್ತಿಲ್ಲ. ಬಿಸಿಲಲ್ಲೂ ಅವಕೆಂಪು ಇದೆಯಲ್ಲ, ಎಸಿ ಗೊಂದಲಗೊಳ್ಳುವುದಿಲ್ಲವೇ? ಇಲ್ಲ. ರಿಮೋಟ್ ಆ ಬೆಳಕನ್ನು ಸೆಕೆಂಡಿಗೆ ಸುಮಾರು 38,000 ಸಲ ಮಿಟುಕಿಸುತ್ತದೆ. ಎಸಿಯ ಕಣ್ಣು ಆ ಲಯದ ಬೆಳಕಿಗೆ ಮಾತ್ರ ಕಿವಿಗೊಡುತ್ತದೆ. (ಕಣ್ಣು ಕಿವಿಗೊಡುವುದು ಹೇಗೆಂದು ಕೇಳಬೇಡಿ!) ರಿಮೋಟಿನ ಮಾತೆಲ್ಲ 0 ಮತ್ತು 1ರ ಸಾಲು: ಮಿಟುಕಿನ ಕಂತುಗಳ ನಡುವಿನ ಗಿಡ್ಡ ಬಿಡುವು 0, ಉದ್ದ ಬಿಡುವು 1.

ಬಿಸಿಲಿಂದ ಬಂದವರು 16 ಒತ್ತುವುದು ನನಗೆ ಯಾವತ್ತೂ ಸೋಜಿಗ. ಕಾದ ಕೋಣೆಯಲ್ಲಿ 24 ಒತ್ತಿದರೂ ಹಳೆ ಮಾದರಿಯ ಕಂಪ್ರೆಸರ್ ಓಡುವುದು ಅದೇ ವೇಗದಲ್ಲಿ. ಅಂಕೆ ಹೇಳುವುದು ಎಲ್ಲಿ ನಿಲ್ಲಬೇಕು ಎಂದಷ್ಟೇ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿತಾಯ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋ. 2020ರಿಂದ ಭಾರತದಲ್ಲಿ ಸ್ಟಾರ್ ಗುರುತಿನ ಎಸಿಗಳು ಕಾರ್ಖಾನೆಯಿಂದ 24ಕ್ಕೇ ಹೊಂದಿಸಿ ಬರುತ್ತವೆ.

ಎಸಿ ಅಳೆಯುವುದು ಗೋಡೆಯ ಮೇಲೆ ತಾನಿರುವಲ್ಲಿನ ಗಾಳಿಯನ್ನು, ನಮ್ಮ ಮಂಚದ ಮೇಲಿನದನ್ನಲ್ಲ. ಅದಕ್ಕೇ ಕೆಲವು ರಿಮೋಟುಗಳಲ್ಲಿ ‘ಐ ಫೀಲ್’ ಎಂಬ ಗುಂಡಿ ಇದೆ. ಒತ್ತಿದರೆ ರಿಮೋಟಿನೊಳಗಿನ ಪುಟ್ಟ ಸಂವೇದಕ ಅಕ್ಕಪಕ್ಕದ ಉಷ್ಣಾಂಶ ಅಳೆದು ಕೆಲವು ನಿಮಿಷಕ್ಕೊಮ್ಮೆ ತಾನಾಗಿ ಕಳಿಸುತ್ತಿರುತ್ತದೆ. ಅಕ್ಕನ ಮನೆಯ ರಿಮೋಟಿನಲ್ಲೂ ಅದಿದೆ. ಅದನ್ನು ಒತ್ತಿ, ಭಾವನ ಕೈಗೆ ಸಿಗದಿರಲಿ ಎಂದು ಅವಳು ರಿಮೋಟನ್ನು ದಿಂಬಿನಡಿ ಇಟ್ಟು ಮಲಗುತ್ತಾಳೆ.