ಸರಾಸರಿ ಸ್ಥಾನ ಕುಸಿದರೆ ಬ್ಲಾಗ್ ಕುಸಿದ ಹಾಗಲ್ಲ

ಬ್ಲಾಗ್ ಬರೆಯುವವರು ನನಗೆ ಕಳಿಸುವ ಸ್ಕ್ರೀನ್‌ಶಾಟ್‌ಗಳಲ್ಲಿ ಜಾಸ್ತಿ ಇರುವುದು ಒಂದೇ ಚಿತ್ರ. ಗೂಗಲ್ ಹುಡುಕಾಟದಲ್ಲಿ ಸೈಟ್ ಹೇಗೆ ಕಾಣುತ್ತಿದೆ ಅಂತ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನ ಆವರೇಜ್ ಪೊಸಿಷನ್ (ಫಲಿತಾಂಶಗಳಲ್ಲಿ ಸರಾಸರಿ ಎಷ್ಟನೇ ಸ್ಥಾನ ಅನ್ನುವ ಲೆಕ್ಕ, 1 ಅಂದರೆ ಎಲ್ಲಕ್ಕಿಂತ ಮೇಲೆ) ಗೆರೆ, ಕೆಳಗೆ ಇಳಿಯುತ್ತಿರುವುದು. ಜೊತೆಗೆ ಒಂದು ಸಾಲು: "ಸರ್, ಇಷ್ಟು ತಿಂಗಳಿಂದ ಕಷ್ಟಪಟ್ಟು ಬರೀತಿದ್ದೀನಿ, ಬ್ಲಾಗ್ ಹಿಂದಕ್ಕೆ ಹೋಗ್ತಿದೆಯಲ್ಲ?" ಅದೇ ಚಿತ್ರದಲ್ಲಿ ಕ್ಲಿಕ್‌ಗಳ ಗೆರೆ ಎಷ್ಟೋ ಸಲ ಮೇಲೇರುತ್ತಿರುತ್ತದೆ. ಅದರ ಕಡೆ ಅವರ ಗಮನವೇ ಹೋಗಿರುವುದಿಲ್ಲ.

ಬ್ಲಾಗನ್ನು ಸರ್ಚ್ ಕನ್ಸೋಲ್‌ಗೆ ಸೇರಿಸುವುದು, ಸೈಟ್‌ಮ್ಯಾಪ್ (ಬ್ಲಾಗಿನ ಪುಟಗಳ ಪಟ್ಟಿ) ಕೊಡುವುದು, ಇವೆಲ್ಲ ಆಗಿದೆ ಅಂದುಕೊಂಡೇ ಬರೆಯುತ್ತಿದ್ದೇನೆ. ನನ್ನ ತಕರಾರು ಈ ಸರಾಸರಿಯ ಬಗ್ಗೆ ಮಾತ್ರ.

ಒಂದು ಲೆಕ್ಕ ಮಾಡೋಣ. ನಿಮ್ಮ ಬ್ಲಾಗ್ ಈಗ ಒಂದೇ ಹುಡುಕಾಟಕ್ಕೆ ಕಾಣಿಸಿಕೊಳ್ಳುತ್ತಿದೆ. ಅದು ನಿಮ್ಮ ಬ್ಲಾಗಿನ ಹೆಸರು. ತಿಂಗಳಿಗೆ 100 ಸಲ, 2ನೇ ಸ್ಥಾನದಲ್ಲಿ. ಸರಾಸರಿ 2. ಮುಂದಿನ ತಿಂಗಳು ಹೊಸ ಲೇಖನ ಹಾಕುತ್ತೀರಿ. ಅದು ಬೇರೊಂದು ಹುಡುಕಾಟಕ್ಕೆ 300 ಸಲ ಕಾಣಿಸುತ್ತದೆ, ಆದರೆ 18ನೇ ಸ್ಥಾನದಲ್ಲಿ. ಹಳೆಯದು ಇದ್ದಲ್ಲೇ ಇದೆ. ಈಗ ಸರಾಸರಿ ಎಷ್ಟು? 100 ಗುಣಿಸು 2, ಅಂದರೆ 200. 300 ಗುಣಿಸು 18, ಅಂದರೆ 5,400. ಒಟ್ಟು 5,600. ಅದನ್ನು 400ರಿಂದ ಭಾಗಿಸಿದರೆ 14.

2ರಿಂದ 14ಕ್ಕೆ! ನೋಡಿದವರ ಎದೆ ಧಸಕ್ಕೆನ್ನುತ್ತದೆ. ಆದರೆ ಏನು ಕಳೆದುಕೊಂಡಿರಿ? ಏನೂ ಇಲ್ಲ. ನಿಮ್ಮ ಪರಿಚಯವೇ ಇಲ್ಲದ ಜನರ ಕಣ್ಣಿಗೆ ಮೊದಲ ಸಲ ಬಿದ್ದಿದ್ದೀರಿ. ಬೆಳೆಯುತ್ತಿರುವ ಬ್ಲಾಗಿನ ಸರಾಸರಿ ಸ್ಥಾನ ಶುರುವಿನಲ್ಲಿ ಹೀಗೆ ಕೆಡುವುದು ಸಹಜ. ಇನ್ನೂ ಒಂದು ಮಾತು. ಆ ಹೊಸ ಲೇಖನವನ್ನು ಅಳಿಸಿಬಿಟ್ಟರೆ ಸರಾಸರಿ ಮತ್ತೆ 2ಕ್ಕೆ ಬರುತ್ತದೆ. ಬ್ಲಾಗ್ ಉದ್ಧಾರವಾಯಿತು ಅನ್ನುತ್ತೀರಾ?

ಹಾಸನದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಕನ್ನಡ ವ್ಯಾಕರಣದ ಬಗ್ಗೆ ಬರೆಯುತ್ತಾರೆ. ಸಂಧಿ, ಸಮಾಸ, ಛಂದಸ್ಸು. ಎಷ್ಟು ಚೆನ್ನಾಗಿ ಬರೆಯುತ್ತಾರೆ ಅಂದರೆ, ಸವರ್ಣದೀರ್ಘ ಸಂಧಿ ನನಗೆ ಸರಿಯಾಗಿ ತಲೆಗೆ ಹತ್ತಿದ್ದು ಅವರ ಲೇಖನ ಓದಿದ ಮೇಲೆ. ಅವರೂ ಈ ಗೆರೆ ನೋಡಿ ಗಾಬರಿಯಾಗಿ ವಾರಕ್ಕೊಂದು ಸಲ ಶೀರ್ಷಿಕೆಗಳನ್ನು ಬದಲಾಯಿಸುತ್ತಿದ್ದರು. ನನಗೆ ಸಂಕಟವಾಗಿದ್ದು ಅಲ್ಲಿ. ಒಂದು ಬದಲಾವಣೆಯ ಫಲ ತಿಳಿಯುವ ಮೊದಲೇ ಇನ್ನೊಂದು ಮಾಡಿದರೆ, ಯಾವುದರಿಂದ ಏನಾಯಿತು ಅಂತ ಯಾರಿಗೂ ಹೇಳಲು ಆಗುವುದಿಲ್ಲ. "ಮೇಷ್ಟ್ರೇ, ಶೀರ್ಷಿಕೆ ಮುಟ್ಟಬೇಡಿ, ಸುಮ್ನೆ ಬರೀತಾ ಹೋಗಿ" ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಆಮೇಲೆ ಇಬ್ಬರೂ ಕೂತು ಸಮಾಸದ ಲೇಖನವನ್ನು ಮಾತ್ರ ಫಿಲ್ಟರ್ ಮಾಡಿ ನೋಡಿದೆವು. ಎರಡನೇ ಪುಟದ ತಳದಿಂದ ಮೊದಲ ಪುಟದ ಹತ್ತಿರಕ್ಕೆ ಬಂದಿತ್ತು. ಇಡೀ ಬ್ಲಾಗಿನ ಸರಾಸರಿ ಅದನ್ನು ಮುಚ್ಚಿಟ್ಟಿತ್ತು.

ಹಾಗಾದರೆ ಸ್ಥಾನ ನೋಡಲೇಬಾರದಾ? ನೋಡಿ. ಆದರೆ ಒಂದು ಪುಟ, ಒಂದು ಹುಡುಕಾಟ, ಹೀಗೆ ಬಿಡಿಬಿಡಿಯಾಗಿ ನೋಡಿ. ಮೂರು ತಿಂಗಳನ್ನು ಅದರ ಹಿಂದಿನ ಮೂರು ತಿಂಗಳ ಜೊತೆ ಹೋಲಿಸಿ. ಇಡೀ ಬ್ಲಾಗಿಗೆ ಒಂದೇ ಅಳತೆ ಬೇಕು ಅಂದರೆ, ಬ್ಲಾಗಿನ ಹೆಸರು, ನಿಮ್ಮ ಹೆಸರು ಇರುವ ಹುಡುಕಾಟಗಳನ್ನು ಫಿಲ್ಟರ್‌ನಲ್ಲಿ ತೆಗೆದುಹಾಕಿ, ಉಳಿದ ಕ್ಲಿಕ್‌ಗಳನ್ನು ಲೆಕ್ಕ ಹಾಕಿ. ನಿಮ್ಮನ್ನು ಬಲ್ಲವರು ಹೇಗಿದ್ದರೂ ಬರುತ್ತಾರೆ, ಅಲ್ವಾ? ಕನ್ನಡದವರು ಇನ್ನೊಂದು ಕೆಲಸ ಮಾಡಬೇಕು. ಎಷ್ಟೋ ಓದುಗರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ ಹುಡುಕುತ್ತಾರೆ, ಅದರಲ್ಲೂ ಒಬ್ಬೊಬ್ಬರದು ಒಂದೊಂದು ಸ್ಪೆಲಿಂಗ್. ಕನ್ನಡ ಲಿಪಿಯ ಹುಡುಕಾಟ, ಇಂಗ್ಲಿಷ್ ಅಕ್ಷರದ ಹುಡುಕಾಟ, ಎರಡನ್ನೂ ಬೇರೆ ಮಾಡಿ ನೋಡಿ. ಒಂದು ಏರುತ್ತಾ ಇನ್ನೊಂದು ಇಳಿಯುತ್ತಿರಬಹುದು.

ನಿಮ್ಮದೇ ಫೋನಿನಲ್ಲಿ ದಿನಾ ಬೆಳಗ್ಗೆ ಹುಡುಕಿ ನೋಡುವ ಅಭ್ಯಾಸ ಬಿಟ್ಟುಬಿಡಿ. ನೀವಿರುವ ಊರು, ಹಿಂದೆ ಏನು ಹುಡುಕಿದ್ದಿರಿ ಅನ್ನುವುದು, ಎರಡೂ ಫಲಿತಾಂಶವನ್ನು ಬದಲಿಸಬಲ್ಲವು. ಇನ್‌ಕಾಗ್ನಿಟೊದಲ್ಲಿ ಹುಡುಕಿದರೂ ಊರು ಬದಲಾಗುವುದಿಲ್ಲ. ಸೈಟ್ ಎಷ್ಟು ಬಲವಾಗಿದೆ ಅಂತ ಅಂದಾಜಿಸುವ ಡೊಮೈನ್ ಅಥಾರಿಟಿ ಅನ್ನುವ ಅಂಕವನ್ನೂ ನೆಚ್ಚಿಕೊಳ್ಳಬೇಡಿ. ಅದು ಮಾಜ್ ಕಂಪನಿಯ ಲೆಕ್ಕ, ಗೂಗಲ್‌ನದಲ್ಲ.

ಹಬ್ಬದ ಅಡುಗೆ ಬರೆಯುವವರಿಗೆ ಒಂದು ಮಾತು. ಈ ಸೆಪ್ಟೆಂಬರನ್ನು ಹೋದ ಸೆಪ್ಟೆಂಬರ್ ಜೊತೆ ಹೋಲಿಸುವುದು ಮೇಲ್ನೋಟಕ್ಕೆ ಸರಿಯಾದ ಕ್ರಮ. ಆದರೆ 2024ರಲ್ಲಿ ಗಣೇಶ ಚತುರ್ಥಿ ಬಂದದ್ದು ಸೆಪ್ಟೆಂಬರ್ 7ಕ್ಕೆ, 2025ರಲ್ಲಿ ಆಗಸ್ಟ್ 27ಕ್ಕೆ. ಕಡುಬು, ಮೋದಕ ಹುಡುಕುವವರೆಲ್ಲ ಆಗಸ್ಟ್‌ನಲ್ಲೇ ಬಂದು ಹೋಗಿರುತ್ತಾರೆ. ಸೆಪ್ಟೆಂಬರ್ ಖಾಲಿ ಕಾಣುವುದು ಪಂಚಾಂಗದ ದೆಸೆಯಿಂದ. ಹಬ್ಬಕ್ಕೆ ಮೊದಲಿನ ಹದಿನೈದು ದಿನವನ್ನು ಹಿಂದಿನ ವರ್ಷದ ಅಂಥದ್ದೇ ಹದಿನೈದು ದಿನದ ಜೊತೆ ಇಟ್ಟು ನೋಡಿ. ಯುಗಾದಿಯ ಹೋಳಿಗೆಗೂ ಇದೇ ಲೆಕ್ಕ. 2024ರಲ್ಲಿ ಅದು ಏಪ್ರಿಲ್ 9, ಮರುವರ್ಷ ಮಾರ್ಚ್ 30.

ಅದೇ 2025ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಗೊಂದಲವೂ ಸೇರಿಕೊಂಡಿತು. ಒಂದೇ ಪುಟದಲ್ಲಿ 100 ಫಲಿತಾಂಶ ತರಿಸಿಕೊಳ್ಳುವ ಸೌಲಭ್ಯವನ್ನು ಗೂಗಲ್ ನಿಲ್ಲಿಸಿತು. ಆಗ ಅನೇಕ ಸೈಟ್‌ಗಳ ಇಂಪ್ರೆಷನ್ (ಫಲಿತಾಂಶದಲ್ಲಿ ಎಷ್ಟು ಸಲ ಕಾಣಿಸಿತು ಅನ್ನುವ ಎಣಿಕೆ) ದಿಢೀರನೆ ಇಳಿದು, ಸರಾಸರಿ ಸ್ಥಾನ ದಿಢೀರನೆ ಸುಧಾರಿಸಿತು. ಸ್ಥಾನ ಪತ್ತೆ ಮಾಡುವ ಟೂಲ್‌ಗಳು ಹಿಂದಿನ ಪುಟಗಳನ್ನು ತೆರೆದು ನೋಡುವುದು, ಅದೂ ಇಂಪ್ರೆಷನ್ ಆಗಿ ಎಣಿಕೆಗೆ ಸೇರುವುದು ತಪ್ಪಿದ್ದೇ ಕಾರಣ ಅನ್ನುವುದು ನಮ್ಮ ವೃತ್ತಿಯವರಲ್ಲಿ ಹೆಚ್ಚಿನವರ ಅಂದಾಜು, ನನ್ನದೂ ಅದೇ. ಆ ದಿನಗಳ ಆಚೆ ಈಚೆ ಹೋಲಿಸುವಾಗ ಕ್ಲಿಕ್ ಮಾತ್ರ ನಂಬಿ.

ನಾನು ಹೇಳಿದ್ದು ಒಬ್ಬರೇ ಬರೆಯುವ ಸಣ್ಣ ಬ್ಲಾಗ್‌ಗಳಿಗೆ. ಸರಕು ಮಾರುವ ಸೈಟ್‌ಗಳ ಲೆಕ್ಕ ಬೇರೆ. ಕ್ಲಿಕ್ಕೂ ಇಳಿದು, ಬಿಡಿ ಪುಟಗಳ ಸ್ಥಾನವೂ ತಿಂಗಳುಗಟ್ಟಲೆ ಇಳಿಯುತ್ತಿದ್ದರೆ ಅದು ನಿಜವಾದ ತೊಂದರೆ ಇರಬಹುದು, ಆಗ ಯಾರಿಗಾದರೂ ತೋರಿಸಿ. ಎಸ್‌ಇಒ (ಹುಡುಕಾಟದಲ್ಲಿ ಸೈಟ್ ಮೇಲೆ ಬರುವಂತೆ ಮಾಡುವ) ಕೆಲಸದ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಅಂತ ಗೂಗಲ್ ತಾನೇ ಹೇಳಿದೆ. ಹತ್ತು ದಿನದ ಏರಿಳಿತ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ.

ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕವನ್ನಷ್ಟೇ ತೋರಿಸುತ್ತದೆ. ಅದಕ್ಕಿಂತ ಹಿಂದಿನದು ಬೇಕೆಂದರೂ ಸಿಗುವುದಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಎಕ್ಸ್‌ಪೋರ್ಟ್ ಮಾಡಿ ಒಂದು ಶೀಟ್‌ನಲ್ಲಿ ಇಟ್ಟುಕೊಳ್ಳಿ. ಪಕ್ಕದ ಕಾಲಂನಲ್ಲಿ ಆ ತಿಂಗಳು ಏನು ಬದಲಾಯಿಸಿದಿರಿ ಅಂತ ಬರೆಯಿರಿ: ಯಾವ ಶೀರ್ಷಿಕೆ, ಯಾವ ತಾರೀಖು, ಹಳೆಯ ಶೀರ್ಷಿಕೆ ಏನಿತ್ತು. ನನ್ನ ಹತ್ತಿರ ಬರುವಾಗ ಸ್ಕ್ರೀನ್‌ಶಾಟ್ ಬೇಡ, ಆ ಶೀಟ್ ತನ್ನಿ.