ಎರಡು ವಾರದ ಗಡುವು ಬಂದದ್ದೆಲ್ಲಿಂದ?

ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಹೊತ್ತು ಬೆಂಗಳೂರಿನಿಂದ ಕೊಡಗಿಗೆ ಮರಳಿದವರಲ್ಲಿ ಕೆಲವರು ಇಲ್ಲಿಯೇ ಉಳಿದರು. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪದ ಅಂಥ ಮನೆಗಳಲ್ಲಿ ‘ಸ್ಪ್ರಿಂಟ್’ ಎಂದರೆ ಏನೆಂದು ಹಿರಿಯರಿಗೂ ಗೊತ್ತು: ಸಾಫ್ಟ್‌ವೇರ್ ತಂಡ ಒಪ್ಪಿಕೊಂಡ ಕೆಲಸ ಮುಗಿಸಲು ಇಟ್ಟುಕೊಂಡ ಚಿಕ್ಕ ಅವಧಿ, ಅದು ಮುಗಿಯುವ ದಿನ ಊಟಕ್ಕೆ ಕರೆದರೂ ಮಗ ಏಳುವುದಿಲ್ಲ. ಆದರೆ ಅದು ಎರಡು ವಾರಕ್ಕೊಮ್ಮೆಯೇ ಏಕೆ ಮುಗಿಯಬೇಕು ಎಂದು ಕೇಳಿದರೆ ಪ್ರಾಜೆಕ್ಟ್ ಮ್ಯಾನೇಜರುಗಳೇ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ.

1970ರಲ್ಲಿ ಅಮೆರಿಕದ ಕಂಪ್ಯೂಟರ್ ತಜ್ಞ ವಿನ್‌ಸ್ಟನ್ ರಾಯ್ಸ್ ದೊಡ್ಡ ಸಾಫ್ಟ್‌ವೇರ್ ಕೆಲಸವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹಂತಗಳಲ್ಲಿ ಚಿತ್ರಿಸಿದರು. ಹೀಗೆಯೇ ನಡೆಸಿದರೆ ಅಪಾಯ ಎಂದೂ ಬರೆದರು. ಉದ್ಯಮ ಚಿತ್ರವನ್ನು ಇಟ್ಟುಕೊಂಡು ಎಚ್ಚರಿಕೆಯನ್ನು ಕೈಬಿಟ್ಟಿತು. 1995ರಲ್ಲಿ ಜೆಫ್ ಸದರ್ಲೆಂಡ್ ಮತ್ತು ಕೆನ್ ಶ್ವಾಬರ್, ಕೆಲಸವನ್ನು ಸ್ಪ್ರಿಂಟ್‌ಗಳಾಗಿ ಹಂಚಿಕೊಂಡು ಮಾಡುವ ಸ್ಕ್ರಮ್ ಪದ್ಧತಿಯನ್ನು ಮಂಡಿಸಿದರು. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ, ಬದಲಾವಣೆಗೆ ಹೊಂದಿಕೊಳ್ಳುತ್ತ ಸಾಫ್ಟ್‌ವೇರ್ ಕಟ್ಟುವ ‘ಅಜೈಲ್’ ರೀತಿಯ ಪ್ರಣಾಳಿಕೆ ಬರೆದರು. ಅದರ 12 ತತ್ವಗಳಲ್ಲಿ ಒಂದು, ಕೆಲಸ ಮಾಡುವ ಸಾಫ್ಟ್‌ವೇರನ್ನು ಒಂದೆರಡು ವಾರಗಳಿಂದ ಒಂದೆರಡು ತಿಂಗಳೊಳಗೆ ಕೊಡುತ್ತಿರಿ, ಅವಧಿ ಕಡಿಮೆಯಾದಷ್ಟೂ ಒಳ್ಳೆಯದು ಎನ್ನುತ್ತದೆ. ಸ್ಕ್ರಮ್‌ನ ಕೈಪಿಡಿಯಾದ ಸ್ಕ್ರಮ್ ಗೈಡ್ ಕೂಡ ಸ್ಪ್ರಿಂಟ್ ಒಂದು ತಿಂಗಳು ಮೀರಬಾರದು ಎನ್ನುತ್ತದೆ, ಅಷ್ಟೇ. ಎರಡು ವಾರ ಎಂಬುದು ರೂಢಿಯಿಂದ ಬಂದದ್ದು, ನಿಯಮದಿಂದಲ್ಲ.

ತೊಡಕು ಶುರುವಾದದ್ದು ಆ ಬಳಿಕ. ಒಂದು ಕೆಲಸ ಎಷ್ಟು ಕಷ್ಟ ಎಂದು ತಂಡವೇ ಅಂದಾಜು ಮಾಡಿಕೊಳ್ಳಲು ಸ್ಟೋರಿ ಪಾಯಿಂಟ್ ಬಂತು. ಒಂದು ಸ್ಪ್ರಿಂಟ್‌ನಲ್ಲಿ ಮುಗಿದ ಪಾಯಿಂಟ್‌ಗಳ ಮೊತ್ತ ವೆಲಾಸಿಟಿ ಆಯಿತು. ತಂಡದ ಒಳಗಿದ್ದ ಈ ಲೆಕ್ಕ ಮೇಲಿನವರ ಸ್ಲೈಡ್ ಏರಿದಾಗ, ಅಕ್ಕಪಕ್ಕದ ತಂಡಗಳನ್ನು ಅಳೆಯುವ ತಕ್ಕಡಿಯಾಯಿತು. ಕಳೆದ ಬಾರಿ 30 ಪಾಯಿಂಟ್ ಮುಗಿಸಿದವರಿಗೆ ಈ ಬಾರಿ 34 ಏಕಾಗದು ಎಂಬ ಪ್ರಶ್ನೆ ಬರುತ್ತದೆ. ಮರುದಿನದಿಂದ 3 ಪಾಯಿಂಟಿನ ಕೆಲಸ 5ರದ್ದಾಗುತ್ತದೆ. ಗ್ರಾಫ್ ಏರುತ್ತದೆ, ಎಲ್ಲರಿಗೂ ಸಮಾಧಾನ. 2020ರ ಸ್ಕ್ರಮ್ ಗೈಡ್‌ನಲ್ಲಿ ಸ್ಟೋರಿ ಪಾಯಿಂಟೂ ಇಲ್ಲ, ವೆಲಾಸಿಟಿಯೂ ಇಲ್ಲ ಎಂದರೆ ಸಭೆಯಲ್ಲಿ ಯಾರೂ ನಂಬುವುದಿಲ್ಲ.

ಇದರ ನಡುವೆ ರಿಲೀಸ್, ಅಂದರೆ ಸಾಫ್ಟ್‌ವೇರನ್ನು ಬಳಸುವವರ ಕೈಗೆ ಬಿಡುಗಡೆ ಮಾಡುವುದು, ಬೇರೆಯೇ ದಾರಿ ಹಿಡಿಯಿತು. 2009ರಲ್ಲೇ ಫೋಟೊ ಹಂಚಿಕೊಳ್ಳುವ ಜಾಲತಾಣ ಫ್ಲಿಕರ್‌ನ ಎಂಜಿನಿಯರುಗಳು ದಿನಕ್ಕೆ ಹತ್ತಕ್ಕೂ ಹೆಚ್ಚು ಬಾರಿ ರಿಲೀಸ್ ಮಾಡುವ ಬಗೆಯನ್ನು ವಿವರಿಸಿದ್ದರು. ಇತ್ತ, ದೊಡ್ಡ ಕಂಪನಿಗಳಿಗಾಗಿ 2011ರಲ್ಲಿ ಬಂದ ‘ಸೇಫ್’ (SAFe) ಎಂಬ ಕಾರ್ಯಪದ್ಧತಿಯ ಚೌಕಟ್ಟು 8ರಿಂದ 12 ವಾರಗಳ ಯೋಜನೆಯನ್ನು ಸ್ಪ್ರಿಂಟ್‌ಗಳ ಮೇಲೆ ಹೇರಿತು. ಹೀಗಾಗಿ ಒಂದೇ ತಂಡ ಮೂರು ಗಡಿಯಾರ ನೋಡಿಕೊಂಡು ಓಡುವುದುಂಟು: ಯೋಜನೆಗೊಂದು, ರಿಲೀಸ್‌ಗೊಂದು, ವರದಿಗೊಂದು. ಗ್ರಾಹಕನ ಗಡಿಯಾರ ನಾಲ್ಕನೆಯದು, ಅದನ್ನು ನೋಡುವವರು ಕಡಿಮೆ.

ಕಾಫಿ ತೋಟದ ಕೂಲಿ ಲೆಕ್ಕಕ್ಕೆ ಆ್ಯಪ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ಜನವರಿಯಲ್ಲಿ ರೊಬಸ್ಟಾ ಕೊಯ್ಲಿನ ಹೊತ್ತಿಗೆ, ಸಂಜೆ ಕಣದಲ್ಲಿ ತೂಕ ಹಾಕುವಾಗ ತೋಟದ ಲೆಕ್ಕ ಬರೆಯುವ ರೈಟರ್ ಕೈಗೆ ಮೊಬೈಲ್ ಕೊಟ್ಟು ಪಕ್ಕದಲ್ಲಿ ನಿಂತರೆ ಸಾಕು. ಗಂಡ ಹೆಂಡತಿ ಜೊತೆಯಾಗಿ ಕೊಯ್ದ ಹಣ್ಣನ್ನು ಒಂದೇ ಹೆಸರಿಗೆ ಬರೆಸುತ್ತಾರೆ, ನಿಮ್ಮ ಆ್ಯಪ್ ಒಬ್ಬೊಬ್ಬರಿಗೂ ಬೇರೆ ತೂಕ ಕೇಳುತ್ತದೆ. ಸಾಲು ನಿಲ್ಲುತ್ತದೆ, ಕತ್ತಲಾಗುತ್ತದೆ, ರೈಟರ್ ಹಳೆಯ ಪುಸ್ತಕ ತೆಗೆಯುತ್ತಾರೆ. ಆಫೀಸಿನ ಸಭೆಗಳಲ್ಲಿ ಸಿಗದ ತಿದ್ದುಪಡಿ ಅರ್ಧ ಗಂಟೆಯಲ್ಲಿ ಸಿಕ್ಕಿತು. ಕೊಯ್ಲಿನ ಕಾಲದಲ್ಲಿ ಎರಡು ವಾರವೂ ದೀರ್ಘವೇ.

ಜುಲೈಯಲ್ಲಿ ಅದೇ ಕಣಕ್ಕೆ ಹೋದರೆ ತೂಕ ಹಾಕಲು ಹಣ್ಣಿಲ್ಲ. ಮಳೆಗೆ ಕರೆಂಟ್ ಹೋಗಿ, ಹಿಂದೆಯೇ ನೆಟ್‌ವರ್ಕೂ ಹೋಗಿರುತ್ತದೆ. ಆ ತಿಂಗಳುಗಳಲ್ಲಿ ದೋಷ ತಿದ್ದುವುದು, ನೆಟ್‌ವರ್ಕ್ ಇಲ್ಲದಾಗಲೂ ತೂಕ ಉಳಿಯುವಂತೆ ಮಾಡುವುದು, ನವೆಂಬರ್‌ನ ಅರೇಬಿಕಾ ಕೊಯ್ಲಿಗೆ ಮುಂಚೆ ಗಟ್ಟಿಯಾದ ಒಂದು ರಿಲೀಸ್ ಕೊಡುವುದು ಬುದ್ಧಿವಂತಿಕೆ. ಯೋಜನೆಯ ಸಭೆ ಎರಡು ವಾರಕ್ಕೊಮ್ಮೆ ನಡೆದರೆ ನಡೆಯಲಿ.

ಆದರೆ ಕರಾರಿನಲ್ಲಿ ಸ್ಪ್ರಿಂಟ್‌ಗೆ ಇಷ್ಟು ಹಣ ಎಂದಿದ್ದರೆ, ಮುಗಿದ ಕೆಲಸವನ್ನು ಗ್ರಾಹಕನಿಗೆ ತೋರಿಸುವ ಡೆಮೊ ಆಗದೆ ಬಿಲ್ ಆಗುವುದಿಲ್ಲ. ಆಗ ಜುಲೈಯಲ್ಲೂ ಡೆಮೊ ನಡೆಯುತ್ತದೆ: ಇಲ್ಲದ ಕೂಲಿಯವರ ಹೆಸರು, ಇಲ್ಲದ ಹಣ್ಣಿನ ತೂಕ, ಒಪ್ಪಿಗೆಯ ಇಮೇಲ್, ಅದರ ಬೆನ್ನಿಗೇ ಬಿಲ್.